ಜಾಮಿಟ್ರಿ ಬಾಕ್ಸಿನಲ್ಲಿ ಸಿಕ್ಕ ಮಾತ್ರೆಗಳು

ನನ್ನ ಮಗನಿಗೆ ಎಡಿಎಚ್‌ಡಿ ಇದೆ, ಅಂದರೆ ಗಮನ ಒಂದು ಕಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಎಂಟನೇ ವಯಸ್ಸಿನಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಈಗ ಅವನಿಗೆ ಹನ್ನೆರಡು. ಇದು ಗೊತ್ತಿರುವ ತಾಯಂದಿರು ಆಗಾಗ ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಒಂದೇ: ಮಾತ್ರೆ ಶುರು ಮಾಡಬೇಕಾ, ಬೇಡವಾ? ಅದನ್ನು ಡಾಕ್ಟರ್ ಹೇಳಬೇಕು, ನಾನಲ್ಲ. ಆದರೆ ಶುರು ಮಾಡಿದ ಮೇಲೆ ದಿನಾ ಮುಂದುವರಿಸೋದು ಹೇಗೆ ಅಂತ ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಕಷ್ಟ ಆಗಿದ್ದು ಅಲ್ಲೇ. ಅದನ್ನೇ ಬರೆಯುತ್ತಿದ್ದೇನೆ.

ನಾವು ತುಮಕೂರಿನವರು. ಮನೆಯಲ್ಲಿ ನಾನು, ಯಜಮಾನರು, ಅತ್ತೆ ಮತ್ತು ಮಗ. ಮಗ ಎರಡನೇ ತರಗತಿಯಲ್ಲಿದ್ದಾಗ ಶಾಲೆಯಿಂದ ದೂರು ಬರೋಕೆ ಶುರುವಾಯಿತು. ಕೂತಲ್ಲಿ ಕೂರಲ್ಲ, ಬರೆದದ್ದು ಅರ್ಧಕ್ಕೇ ನಿಲ್ಲುತ್ತೆ, ಪಕ್ಕದವರ ಪೆನ್ಸಿಲ್ ಕಿತ್ಕೊಳ್ತಾನೆ, ಪ್ರಶ್ನೆ ಮುಗಿಯೋ ಮೊದಲೇ ಉತ್ತರ ಕೂಗ್ತಾನೆ. ಮನೆಯಲ್ಲೂ ಹಾಗೇ ಇದ್ದ. "ಅವರಪ್ಪನೂ ಹೀಗೇ ಇದ್ದ, ದೊಡ್ಡವನಾದ್ರೆ ಸರಿಹೋಗ್ತಾನೆ" ಅಂತ ಅತ್ತೆ ಹೇಳುತ್ತಿದ್ದರು. ನೆಂಟರ ಮನೆಗೆ ಹೋದರೆ ಮಾತು ನನ್ನ ಕಡೆ ತಿರುಗುತ್ತಿತ್ತು. ತಾಯಿ ಕೆಲಸಕ್ಕೆ ಹೋಗ್ತಾಳೆ, ಮಗು ಹದ ತಪ್ಪಿದೆ ಅಂತ.

ಮೊದಲು ತೋರಿಸಿದ್ದು ಊರಿನ ಒಂದು ಕ್ಲಿನಿಕ್ಕಿನಲ್ಲಿ. ಡಾಕ್ಟರ್ ಒಂದೆರಡು ಪ್ರಶ್ನೆ ಕೇಳಿ ಚೀಟಿ ಬರೆದರು. ಏನು ಕಾಯಿಲೆ, ಮಾತ್ರೆ ಏನು ಮಾಡುತ್ತೆ, ಊಟಕ್ಕೆ ಮೊದಲಾ, ಆಮೇಲಾ, ಏನೂ ಹೇಳಲಿಲ್ಲ. ಕೇಳೋಣ ಅಂದರೆ ಹಿಂದೆ ಇನ್ನೊಬ್ಬರು ನಿಂತಾಗಿತ್ತು. ಮನೆಗೆ ಬಂದು ಮಾತ್ರೆ ಕೊಟ್ಟೆವು. ಕೆಲವೇ ದಿನದಲ್ಲಿ ಮಗ ಊಟ ಕಡಿಮೆ ಮಾಡಿದ. ರಾತ್ರಿ ಹತ್ತೂವರೆ ಆದರೂ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದ. ಅತ್ತೆ ಗಟ್ಟಿಯಾಗಿ ಹೇಳಿದರು, ಇದು ಬೇಡ. ಯಜಮಾನರೂ ತಲೆಯಾಡಿಸಿದರು. ಮಾತ್ರೆ ನಿಂತಿತು. ನಿಲ್ಲಿಸಿದ್ದು ಕ್ಲಿನಿಕ್ಕಿನವರಿಗೆ ಗೊತ್ತೇ ಆಗಲಿಲ್ಲ. ಒಂದು ಫೋನೂ ಬರಲಿಲ್ಲ.

ಅತ್ತೆ ಮೂಢನಂಬಿಕೆಯಿಂದ ಮಾತ್ರೆ ನಿಲ್ಲಿಸಿದರು ಅಂತ ಯಾರೂ ಅಂದುಕೊಳ್ಳಬಾರದು. ಅವರು ಕಂಡದ್ದನ್ನೇ ಹೇಳಿದರು. ಮಗು ಊಟ ಬಿಟ್ಟಿತ್ತು, ನಿದ್ದೆ ಬಿಟ್ಟಿತ್ತು. ಯಾಕೆ ಅಂತ ವಿವರಿಸುವವರು ಯಾರೂ ಇರಲಿಲ್ಲ. ಅಂಥಾ ಮಾತ್ರೆಯನ್ನು ಯಾವ ಅಜ್ಜಿ ತಾನೇ ಕೊಡೋಕೆ ಬಿಡುತ್ತಾರೆ?

ಆಮೇಲೆ ಒಂದಿಡೀ ವರ್ಷ ಸುಮ್ನೆ ಹೋಯಿತು. ಮೂರನೇ ತರಗತಿಯಲ್ಲಿ ಮಗ ಮೆಟ್ಟಿಲ ಮೇಲಿಂದ ಜಿಗಿದು ಕೈ ಮುರಿದುಕೊಂಡ. ಪ್ಲಾಸ್ಟರ್ ಹಾಕಿದ ಮೂಳೆ ಡಾಕ್ಟರೇ ಕೇಳಿದರು, ಇವನನ್ನು ಮಕ್ಕಳ ಮನೋವೈದ್ಯರಿಗೆ ತೋರಿಸಿದ್ದೀರಾ ಅಂತ. ಹಾಗೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಹೆಸರು ಬೇಡ. ಕಾಯೋದು ಜಾಸ್ತಿ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಬೆಳಗಿನ ಮೊದಲ ಬಸ್ಸು ಹತ್ತಿದರೆ ಮನೆ ಸೇರುವಾಗ ಕತ್ತಲಾಗುತ್ತಿತ್ತು. ಆದರೆ ಒಳಗೆ ಕರೆದ ಮೇಲೆ ಯಾರೂ ಅವಸರ ಮಾಡಲಿಲ್ಲ. ಒಬ್ಬ ಡಾಕ್ಟರ್, ಒಬ್ಬ ಸೈಕಾಲಜಿಸ್ಟ್, ಒಬ್ಬ ಸೋಶಿಯಲ್ ವರ್ಕರ್. ಬಸುರಿಯಾಗಿದ್ದಾಗಿನಿಂದ ಹಿಡಿದು ಮೊನ್ನೆಯ ಜಗಳದವರೆಗೆ ಎಲ್ಲ ಕೇಳಿದರು. ಕಿವಿ, ಕಣ್ಣು ಪರೀಕ್ಷೆ ಮಾಡಿಸಲು ಹೇಳಿದರು, ಯಾಕಂದರೆ ಕೇಳಿಸದ ಮಗುವೂ ಗಮನ ಕೊಡದ ಹಾಗೇ ಕಾಣುತ್ತದೆ. ಕ್ಲಾಸ್ ಟೀಚರ್ ತುಂಬಿಸಬೇಕಾದ ಒಂದು ಫಾರ್ಮ್ ಕೊಟ್ಟರು. ಈ ಲಕ್ಷಣಗಳು ಕನಿಷ್ಠ ಆರು ತಿಂಗಳಿನಿಂದ ಇರಬೇಕು, ಮನೆ ಶಾಲೆ ಎರಡೂ ಕಡೆ ಕಾಣಬೇಕು, 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಆಗ ಮಾತ್ರ ಎಡಿಎಚ್‌ಡಿ ಅನ್ನುತ್ತೇವೆ ಅಂತ ವಿವರಿಸಿದರು. ಮಗುವಿನ ಹಟ ಅಲ್ಲ, ಬೆಳೆಸಿದ್ದರಲ್ಲಿ ತಪ್ಪಿಲ್ಲ ಅಂತ ಡಾಕ್ಟರ್ ನನ್ನ ಮುಖ ನೋಡಿ ಹೇಳಿದರು. ಆ ಮಾತಿಗೆ ನಾನು ಎಷ್ಟು ವರ್ಷ ಕಾದಿದ್ದೆ ಅಂತ ಆಗ ಗೊತ್ತಾಯಿತು.

ಕೊಟ್ಟದ್ದು ಮತ್ತೆ ಅದೇ ಮಾತ್ರೆ, ಮಿಥೈಲ್‌ಫೆನಿಡೇಟ್. ಆದರೆ ಈ ಸಲ ಎಲ್ಲ ಬಿಡಿಸಿ ಹೇಳಿದರು. 5 ಮಿಲಿಗ್ರಾಂನಿಂದ ಶುರು, ನೋಡಿಕೊಂಡು ನಿಧಾನಕ್ಕೆ ಏರಿಸೋದು. ಮಾತ್ರೆ ಸುಮಾರು ನಾಲ್ಕು ಗಂಟೆ ಕೆಲಸ ಮಾಡುತ್ತೆ, ಆಮೇಲೆ ಇಳಿಯುತ್ತೆ. ಅದಕ್ಕೇ ಮಧ್ಯಾಹ್ನ ಇನ್ನೊಂದು. ಹಸಿವು ಕಡಿಮೆಯಾಗುತ್ತೆ, ಅದಕ್ಕೇ ತಿಂಡಿ ಹೊಟ್ಟೆ ತುಂಬಾ ಆದ ಮೇಲೆ ಕೊಡಿ. ತಡವಾಗಿ ಕೊಟ್ಟರೆ ನಿದ್ದೆ ಬರಲ್ಲ, ಅದಕ್ಕೇ ಸಂಜೆ ಬೇಡ. ಬೆಳಿಗ್ಗೆ ಮರೆತರೆ ಸಂಜೆ ಕೊಟ್ಟು ಸರಿದೂಗಿಸಬೇಡಿ, ಎರಡು ಒಟ್ಟಿಗೆ ಅಂತೂ ಕೊಡಲೇಬೇಡಿ. ಪ್ರತಿ ಸಲ ಬಂದಾಗ ಎತ್ತರ, ತೂಕ, ನಾಡಿ, ಬಿಪಿ ನೋಡುತ್ತೇವೆ. ಜೊತೆಗೆ ಮನೆಯಲ್ಲಿ ನಾವು ಮಾಡಬೇಕಾದ್ದೂ ಇತ್ತು. ಒಂದು ಸಲಕ್ಕೆ ಒಂದೇ ಕೆಲಸ ಹೇಳೋದು, ಸರಿ ಮಾಡಿದ ಕ್ಷಣಕ್ಕೇ ಹೊಗಳೋದು, ಹೋಮ್‌ವರ್ಕ್ ತುಂಡು ತುಂಡು ಮಾಡಿ ಕೊಡೋದು. ಮಾತ್ರೆ ಇದಕ್ಕೆಲ್ಲ ಬದಲಿ ಅಲ್ಲ ಅಂದರು.

ಸೋಶಿಯಲ್ ವರ್ಕರ್ ಒಂದು ಮಾತು ಕೇಳಿದರು: "ಮನೆಯಲ್ಲಿ ಮಾತ್ರೆ ಬೇಡ ಅನ್ನೋರು ಯಾರು?" ಅತ್ತೆ ಅಂದೆ. ಮುಂದಿನ ಸಲ ಅವರನ್ನೂ ಕರ್ಕೊಂಡು ಬನ್ನಿ ಅಂದರು. ಅತ್ತೆ ಮೊದಲು ಒಪ್ಪಲಿಲ್ಲ. ಹೋಗುವುದು ನಿಮ್ಹಾನ್ಸಿಗಲ್ಲ ಅಂತ ಎಷ್ಟು ಹೇಳಿದರೂ, ಮನಸ್ಸಿನ ಡಾಕ್ಟರ್ ಅಂದರೆ ಅವರಿಗೆ ಎಲ್ಲವೂ ನಿಮ್ಹಾನ್ಸೇ. ಊರಲ್ಲಿ ಗೊತ್ತಾದರೆ ಹುಡುಗನ ಹಣೆಪಟ್ಟಿ ಜೀವನಪೂರ್ತಿ ಹೋಗಲ್ಲ ಅನ್ನೋದು ಅವರ ಭಯ. ಕೊನೆಗೆ ಬಂದರು. ಡಾಕ್ಟರ್ ಮುಂದೆ ನೇರವಾಗಿ ಕೇಳಿದರು, "ಇದು ಅಭ್ಯಾಸ ಆಗಿಬಿಡಲ್ವಾ? ಮಗೂನ ಮಂಕು ಮಾಡಿ ಕೂರಿಸೋ ಮಾತ್ರೆನಾ?" ಡಾಕ್ಟರ್ ನಗಲಿಲ್ಲ. ಹೇಳಿದ ಡೋಸಿನಲ್ಲಿ, ಇವನಂಥ ಮಕ್ಕಳಿಗೆ, ನಮ್ಮ ಕಣ್ಣೆದುರು ಕೊಟ್ಟರೆ ಚಟ ಆಗುವುದಿಲ್ಲ. ಬೇಡದವರು ಬೇಕಾದ ಹಾಗೆ ನುಂಗಿದರೆ ಆಗಬಹುದು, ಅದಕ್ಕೇ ಕಾನೂನು ಬಿಗಿಯಾಗಿದೆ ಅಂದರು. ಮಂಕಾದರೆ ಡೋಸ್ ಜಾಸ್ತಿಯಾಗಿದೆ ಅಂತ ಅರ್ಥ, ಅದನ್ನು ಮೊದಲು ಕಂಡುಹಿಡಿಯೋದು ನೀವೇ, ನಮಗೆ ಹೇಳಿ ಅಂದರು. ಹರಕೆ ಬಗ್ಗೆಯೂ ಅತ್ತೆ ಕೇಳಿದರು. ಗೊರವನಹಳ್ಳಿ ಲಕ್ಷ್ಮಿಗೆ ಹೋಗಿ ಬನ್ನಿ, ಹೋಗೋ ದಿನವೂ ಮಾತ್ರೆ ಕೊಟ್ಟು ಹೋಗಿ ಅಂದರು. ಅವತ್ತಿನಿಂದ ನಮ್ಮನೆಯಲ್ಲಿ ಬೆಳಗಿನ ತಿಂಡಿ ಅತ್ತೆಯ ಜವಾಬ್ದಾರಿ. ಏಳೂವರೆಗೆ ರಾಗಿ ರೊಟ್ಟಿ, ಬೆಣ್ಣೆ, ಹಾಲು. ಅದು ಮುಗಿಯದೆ ಮಾತ್ರೆ ಡಬ್ಬಿ ತೆಗೆಯೋ ಹಾಗಿಲ್ಲ. ಮಾತ್ರೆಯ ಪ್ರಭಾವ ಇಳಿದ ಮೇಲೆ ಸಂಜೆ ಅವನಿಗೆ ಜೋರು ಹಸಿವು. ಆಗ ಇನ್ನೊಂದು ಊಟ. ತೂಕ ಇಳಿಯಲಿಲ್ಲ.

ಕಾನೂನು ಬಿಗಿ ಅಂದೆನಲ್ಲ, ಅದರ ಬಿಸಿ ನಮಗೆ ಔಷಧಿ ಅಂಗಡಿಯಲ್ಲಿ ತಟ್ಟಿತು. ಮಿಥೈಲ್‌ಫೆನಿಡೇಟ್ 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತುಗಳ ಕಾಯ್ದೆಯ ಕೆಳಗೆ ಬರುತ್ತದೆ. ಎಲ್ಲ ಅಂಗಡಿಯವರೂ ಇಡುವುದಿಲ್ಲ. ಅಸಲಿ ಚೀಟಿ ಇಲ್ಲದೆ ಕೊಡುವುದಿಲ್ಲ. ಫೋನಿನಲ್ಲಿರುವ ಫೋಟೋ ನಡೆಯುವುದಿಲ್ಲ. ಕೆಲವು ಕಡೆ ಚೀಟಿ ನೋಡಿ ನನ್ನನ್ನು ಮೇಲಿಂದ ಕೆಳಗೆ ನೋಡಿದ್ದಾರೆ. ಒಂದು ಸಲ ಮಳೆಗಾಲದಲ್ಲಿ ಸ್ಟಾಕ್ ಇಲ್ಲ ಅಂತ ಊರೆಲ್ಲ ಸುತ್ತಿ, ಕೊನೆಗೆ ಬೆಂಗಳೂರಿನಲ್ಲಿರುವ ತಮ್ಮನಿಗೆ ಚೀಟಿ ಕಳಿಸಿ ತರಿಸಿದೆವು. ಮಾತ್ರೆ ತಪ್ಪಿದ ಮಗುವಿನ ತಾಯಿಯನ್ನು ಬೈಯುವ ಮೊದಲು, ಆ ಮಾತ್ರೆ ಅವಳ ಊರಲ್ಲಿ ಸಿಗುತ್ತಾ ಅಂತ ಯಾರಾದರೂ ಕೇಳಬೇಕು. ಈಗ ಒಬ್ಬ ಅಂಗಡಿಯವರ ಹತ್ತಿರ ಮಾತಾಡಿದ್ದೇವೆ. ಹತ್ತು ದಿನ ಮೊದಲೇ ಹೇಳಿದರೆ ತರಿಸಿಡುತ್ತಾರೆ.

ನಾಲ್ಕನೇ ತರಗತಿಯ ಮಧ್ಯದಲ್ಲಿ ಮತ್ತೆ ಶಾಲೆಯಿಂದ ದೂರು. ಬೆಳಿಗ್ಗೆ ಚೆನ್ನಾಗಿರ್ತಾನೆ, ಮಧ್ಯಾಹ್ನದ ಮೇಲೆ ಹಿಡಿಯೋಕಾಗಲ್ಲ. ಡಾಕ್ಟರ್ ಡೋಸ್ ಏರಿಸುವ ಯೋಚನೆಯಲ್ಲಿದ್ದರು. ಅಷ್ಟರಲ್ಲಿ ಒಂದು ಭಾನುವಾರ ಅವನ ಬ್ಯಾಗ್ ಒಗೆಯಲು ತೆಗೆದೆ. ಜಾಮಿಟ್ರಿ ಬಾಕ್ಸಿನಲ್ಲಿ, ಕೈವಾರದ ಕೆಳಗೆ, ಪೇಪರಿನಲ್ಲಿ ಸುತ್ತಿಟ್ಟ ಮಾತ್ರೆಗಳು. ಮಧ್ಯಾಹ್ನ ನುಂಗಬೇಕಾದ್ದೆಲ್ಲ ಅಲ್ಲಿತ್ತು.

ಅವನನ್ನು ಬೈಯಲಿಲ್ಲ. ಪೊಟ್ಟಣ ಹಾಗೇ ಆಸ್ಪತ್ರೆಗೆ ಒಯ್ದೆ. ಅವತ್ತು ಇದ್ದ ಡಾಕ್ಟರ್ ಚಿಕ್ಕ ವಯಸ್ಸಿನವರು. ನಮ್ಮನ್ನು ಹೊರಗೆ ಕೂರಿಸಿ ಅವನೊಬ್ಬನ ಹತ್ತಿರ ಮಾತಾಡಿದರು. ಆಮೇಲೆ ಅವನ ಅನುಮತಿ ಕೇಳಿ ನಮಗೆ ಹೇಳಿದರು. ಊಟದ ಬೆಲ್ ಆದಾಗ ಟೀಚರ್ ಎಲ್ಲರ ಮುಂದೆ "ನಿನ್ನ ಮಾತ್ರೆ ಆಯ್ತಾ?" ಅಂತ ಕೇಳುತ್ತಿದ್ದರಂತೆ. ಅವರ ಮನಸ್ಸಿನಲ್ಲಿ ಕಾಳಜಿಯೇ ಇತ್ತು. ಆದರೆ ಹುಡುಗರು ಅವನಿಗೆ ಮೆಂಟಲ್ ಅಂತ ಹೆಸರಿಟ್ಟಿದ್ದರು. ಅವನು ನೀರು ಕುಡಿದಂತೆ ಮಾಡಿ ಮಾತ್ರೆ ಕೈಯಲ್ಲೇ ಉಳಿಸಿಕೊಳ್ಳುತ್ತಿದ್ದ. ಎಸೆದರೆ ಅಮ್ಮನ ದುಡ್ಡು ಹಾಳು ಅಂತ ಎಸೆದಿರಲಿಲ್ಲ.

ಇನ್ನೊಂದು ಮಾತೂ ಅವನು ಡಾಕ್ಟರ್ ಹತ್ತಿರ ಹೇಳಿದ್ದ. ಮಾತ್ರೆ ತಗೊಂಡ ದಿನ ತನಗೆ ಜೋಕ್ ಹೊಳೆಯಲ್ಲ, ಆಟಕ್ಕೆ ಕರೆದರೂ ಹೋಗೋಣ ಅನ್ನಿಸಲ್ಲ ಅಂತ. ನಮ್ಮ ಮಗ ಮನೆಮಂದಿಯನ್ನೆಲ್ಲ ನಗಿಸೋ ಹುಡುಗ. ನಮಗೆ ಅಂಕ, ಬರವಣಿಗೆ, ಶಾಲೆಯ ದೂರು ಕಾಣುತ್ತಿತ್ತು. ಅವನಿಗೆ ತನ್ನ ನಗು ಹೋದದ್ದು ಕಾಣುತ್ತಿತ್ತು. ಆ ಡಾಕ್ಟರ್ ಎರಡು ಬದಲಾವಣೆ ಮಾಡಿದರು. ಒಂದು, ದಿನಕ್ಕೆ ಒಂದೇ ಸಲ ಬೆಳಿಗ್ಗೆ ಕೊಡುವ, ನಿಧಾನಕ್ಕೆ ಬಿಡುಗಡೆಯಾಗುವ ಮಾತ್ರೆ. ಅದನ್ನು ಅಗಿಯಬಾರದು, ಪುಡಿ ಮಾಡಬಾರದು, ಇಡಿಯಾಗಿ ನುಂಗಬೇಕು. ಶಾಲೆಯಲ್ಲಿ ಮಾತ್ರೆಯ ಮಾತೇ ಇಲ್ಲದಾಯಿತು. ಎರಡು, ಒಟ್ಟು ಡೋಸ್ ಸ್ವಲ್ಪ ಇಳಿಸಿದರು. ಲೆಕ್ಕದಲ್ಲಿ ಒಂದಿಷ್ಟು ತಪ್ಪು ಜಾಸ್ತಿಯಾದರೂ ಪರವಾಗಿಲ್ಲ, ಇವನು ಇವನಾಗಿರಬೇಕು ಅಂದರು. ಆಮೇಲೆ ಮಾತ್ರೆ ಬಚ್ಚಿಡುವುದು ನಿಂತಿತು.

ಅವತ್ತು ಡೋಸ್ ಏರಿಸಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ. ಬೆಳಗಿನ ಮಾತ್ರೆಯೂ ಜೋರಾಗುತ್ತಿತ್ತು, ಅವನು ಅದನ್ನೂ ಬಚ್ಚಿಡುತ್ತಿದ್ದ. ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ಎಲ್ಲರೂ ತೀರ್ಮಾನಿಸುತ್ತಿದ್ದೆವು.

ಕಾಯುವ ಬೆಂಚಿನ ಮೇಲೆ ಕೂತು ನಾನು ಕಲಿತದ್ದೂ ಕಡಿಮೆ ಇಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಆ ಬೆಂಚು ಯಾಕೆ ಯಾವಾಗಲೂ ತುಂಬಿರುತ್ತೆ ಅಂತ ಆ ಅಂಕಿ ಕೇಳಿದ ಮೇಲೆ ತಿಳಿಯಿತು. ಪಕ್ಕದಲ್ಲಿ ಕೂತ ಒಬ್ಬ ತಾಯಿಯ ಮಗಳಿಗೆ ಒಸಿಡಿ, ಅಂದರೆ ಬೇಡದ ಯೋಚನೆ ಬಿಡದೆ ಕಾಡಿ ಮಾಡಿದ್ದನ್ನೇ ಮಾಡಿಸುವ ಕಾಯಿಲೆ. ಕೈ ತೊಳೆದೂ ತೊಳೆದೂ ಚರ್ಮ ಕಿತ್ತುಬಂದಿತ್ತು. ಫ್ಲೂಆಕ್ಸೆಟಿನ್ ಶುರು ಮಾಡಿ ಎರಡು ವಾರ ಆದರೂ ಏನೂ ಬದಲಾಗಲಿಲ್ಲ ಅಂತ ನಿಲ್ಲಿಸಿಬಿಟ್ಟಿದ್ದರಂತೆ. ಒಸಿಡಿಯಲ್ಲಿ ಅದು ಪೂರ್ತಿ ಕೆಲಸ ಮಾಡಲು ಎರಡು ಮೂರು ತಿಂಗಳೇ ಬೇಕಾಗಬಹುದು ಅಂತ ಅವರಿಗೆ ಮೊದಲು ಯಾರೂ ಹೇಳಿರಲಿಲ್ಲ. ಇನ್ನೊಬ್ಬರ ಮಗನಿಗೆ ಆಟಿಸಂ, ಸಿಟ್ಟಿಗೆ ರಿಸ್ಪೆರಿಡೋನ್. ನನ್ನ ಮಗ ಊಟ ಮಾಡಲ್ಲ ಅನ್ನೋದು ನನ್ನ ಚಿಂತೆ, ಅವರ ಮಗನಿಗೆ ಹಸಿವು ನಿಲ್ಲೋದೇ ಇಲ್ಲ, ತೂಕ ಏರುತ್ತಲೇ ಇದೆ ಅನ್ನೋದು ಅವರ ಚಿಂತೆ. ಎಲ್ಲ ಮಾತ್ರೆಗೂ ಒಂದೇ ನಿಯಮ ಇಲ್ಲ. ಮಿಥೈಲ್‌ಫೆನಿಡೇಟ್ ಒಂದು ದಿನ ತಪ್ಪಿದರೆ ಆ ದಿನ ಮಗು ಚಡಪಡಿಸಬಹುದು. ಫಿಟ್ಸ್ ಇರುವ ಮಗುವಿಗೆ ವಾಲ್‌ಪ್ರೊಯೇಟ್ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಎಡಿಎಚ್‌ಡಿಗೆ ಕೆಲವರಿಗೆ ಕೊಡುವ ಕ್ಲೋನಿಡಿನ್ ದಿಢೀರ್ ನಿಲ್ಲಿಸಿದರೆ ಬಿಪಿ ಏರಬಹುದು. ಹಾಗಾಗಿ ಬೆಂಚಿನ ಮೇಲೆ ಕೇಳಿದ್ದನ್ನು ಮನೆಯಲ್ಲಿ ಪ್ರಯೋಗ ಮಾಡಬಾರದು. ಅನುಮಾನ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಮಗೆ ತುಂಬ ಬೇಸರ ತರಿಸಿದ್ದು ಡಾಕ್ಟರ್ ಬದಲಾಗುತ್ತಲೇ ಇರುವುದು. ದೊಡ್ಡ ಆಸ್ಪತ್ರೆಯಲ್ಲಿ ಕಲಿಯುವ ಡಾಕ್ಟರುಗಳು ಕೆಲವು ತಿಂಗಳಿಗೊಮ್ಮೆ ಬೇರೆ ವಿಭಾಗಕ್ಕೆ ಹೋಗುತ್ತಾರೆ. ಜಾಮಿಟ್ರಿ ಬಾಕ್ಸಿನ ಕಥೆ ಗೊತ್ತಿದ್ದವರು ಹೋದರು. ಮುಂದಿನವರು ಫೈಲ್ ತಿರುವಿ "ಡೋಸ್ ಯಾಕೆ ಇಷ್ಟು ಕಡಿಮೆ? ಏರಿಸೋಣವಾ?" ಅಂದರು. ಮಗನ ಮುಖ ಬಾಡಿತು. ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮಾತ್ರೆ ಯಾವಾಗ ಬದಲಾಯಿತು, ಯಾಕೆ ಬದಲಾಯಿತು, ತೂಕ ಎಷ್ಟು, ನಿದ್ದೆ ಹೇಗಿದೆ, ಎಷ್ಟು ದಿನ ತಪ್ಪಿತು, ತಪ್ಪಿದ್ದಕ್ಕೆ ಕಾರಣ ಏನು. ಕೊನೆಯ ಪುಟಗಳು ಮಗನವು. ಅವನಿಗೆ ಏನನ್ನಿಸಿತು ಅಂತ ಅವನೇ ಬರೆಯುತ್ತಾನೆ. ಹೊಸ ಡಾಕ್ಟರ್ ಕೈಗೆ ಮೊದಲು ಅದನ್ನೇ ಕೊಡುತ್ತೇವೆ. ಓದದ ಡಾಕ್ಟರ್ ಇದುವರೆಗೆ ಸಿಕ್ಕಿಲ್ಲ.

ಹೋದ ವರ್ಷ ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುವ ಒಬ್ಬ ಹುಡುಗಿ ಒಂದು ಫಾರ್ಮ್ ತಂದಳು. ಒಂದು ಭಾಗ ಮಾತ್ರೆ ಎಷ್ಟು ಸರಿಯಾಗಿ ಕೊಡುತ್ತೀರಿ ಅಂತ. ಇನ್ನೊಂದು ಭಾಗ ಚಿಕಿತ್ಸೆ ಬಗ್ಗೆ ತೃಪ್ತಿ ಇದೆಯಾ ಅಂತ. ಈ ಎರಡನೆಯದು ಬೇರೆ ದೇಶಗಳಲ್ಲೂ ಬಳಸುವ ಪ್ರಶ್ನಾವಳಿಯಂತೆ. ಎಂಟು ಪ್ರಶ್ನೆ, ಒಂದೊಂದಕ್ಕೆ ಒಂದರಿಂದ ನಾಲ್ಕು ಅಂಕ, ಹೆಚ್ಚೆಂದರೆ 32. ನಾನು ಕಾಯುವ ಹೊತ್ತನ್ನು ನೆನೆದು ಒಂದು ಕಡೆ ಅಂಕ ಕಡಿಮೆ ಕೊಟ್ಟೆ, ಉಳಿದದ್ದಕ್ಕೆ ಪೂರ್ತಿ. ಮಾತ್ರೆ ಭಾಗ ತುಂಬುವಾಗ ಅವಳು ಒಂದು ವಿಷಯ ಹೇಳಿದಳು. ಅಮೆರಿಕದಲ್ಲಿ 1990ರ ದಶಕದಲ್ಲಿ ಎಡಿಎಚ್‌ಡಿ ಇರುವ 579 ಮಕ್ಕಳ ಮೇಲೆ ದೊಡ್ಡ ಅಧ್ಯಯನ ನಡೆದಿತ್ತು. ಮಾತ್ರೆ ಕೊಡುತ್ತಿದ್ದೇವೆ ಅಂತ ಬಹುತೇಕ ಅಪ್ಪ ಅಮ್ಮಂದಿರು ಹೇಳಿದ್ದರು. ಮಕ್ಕಳ ಎಂಜಲು ಪರೀಕ್ಷಿಸಿದಾಗ ಸುಮಾರು ಕಾಲು ಭಾಗ ಮಾದರಿಗಳು ಬೇರೆಯದೇ ಹೇಳಿದವು. ನನಗೆ ಆಶ್ಚರ್ಯ ಆಗಲಿಲ್ಲ. ಅಲ್ಲಿನ ಮಕ್ಕಳಿಗೂ ಜಾಮಿಟ್ರಿ ಬಾಕ್ಸ್ ಇರುತ್ತೆ, ಅಲ್ವಾ?

ನಾನು ಅವಳಿಗೆ ಒಂದು ಪ್ರಶ್ನೆ ಕೇಳಿದೆ. ಮಾತ್ರೆ ನುಂಗುವವನು ಇವನು. ತೃಪ್ತಿ ಇದೆಯಾ ಅಂತ ನನ್ನನ್ನು ಕೇಳುತ್ತೀರಿ, ಇವನನ್ನು ಯಾಕೆ ಕೇಳಲ್ಲ? ಅವಳ ಅಧ್ಯಯನಕ್ಕೆ ಅದು ಬೇಕಿರಲಿಲ್ಲ. ಆದರೂ ಪೆನ್ ಅವನ ಕೈಗೆ ಕೊಟ್ಟಳು. ಅವನು ಫಾರ್ಮಿನ ಹಿಂದೆ ಬರೆದ: "ಆ ಡಾಕ್ಟರ್ ಅಂಕಲ್ ನನ್ನ ಮಾತು ನಂಬಿದರು. ಅವರು ವಾಪಸ್ ಬರಬೇಕು." ಅದಕ್ಕೆ ಎಷ್ಟು ಅಂಕ ಬರುತ್ತೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಮಾತ್ರೆ ತಪ್ಪದೆ ನಡೆಯುತ್ತಿರುವುದು ಮಾತ್ರ ಅದರಿಂದಲೇ. ಅತ್ತೆಯ ಅನುಮಾನವನ್ನು ಕೇಳಿಸಿಕೊಂಡರು, ಅತ್ತೆ ಒಪ್ಪಿದರು. ಮಗನ ಸಂಕಟವನ್ನು ಕೇಳಿಸಿಕೊಂಡರು, ಮಗ ಒಪ್ಪಿದ. ಅಲಾರಾಂ, ಡಬ್ಬಿ, ಕ್ಯಾಲೆಂಡರಿನಲ್ಲಿ ಗುರುತು, ಇವೆಲ್ಲ ನಾವೂ ಮಾಡುತ್ತೇವೆ. ಮರೆಯುವವರಿಗೆ ಅವು ಸಹಾಯ ಮಾಡುತ್ತವೆ. ಮನಸ್ಸೇ ಒಪ್ಪದವರಿಗೆ ಅಲಾರಾಂ ಏನು ಮಾಡೀತು?

ದೂರದ ಕಷ್ಟವೂ ಈಗ ಸ್ವಲ್ಪ ಕಡಿಮೆಯಾಗಿದೆ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಚಿಕಿತ್ಸೆಯನ್ನು ಊರಿನ ಹತ್ತಿರಕ್ಕೆ ಒಯ್ಯುವ ಪ್ರಯೋಗ ಶುರು ಮಾಡಿದ್ದರು. ಅದೇ ಮಾದರಿಯಲ್ಲಿ 1996ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಹಾಗಾಗಿ ನಮ್ಮ ಜಿಲ್ಲೆಯಲ್ಲೇ ಮಧ್ಯದ ತಪಾಸಣೆ ಆಗುತ್ತದೆ. ತೂಕ, ಬಿಪಿ ಅಲ್ಲೇ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಡುತ್ತಾರೆ. ಬೆಂಗಳೂರಿಗೆ ಹೋಗುವುದು ಡೋಸ್ ಬಗ್ಗೆ ತೀರ್ಮಾನ ಇದ್ದಾಗ ಮಾತ್ರ. ಯಜಮಾನರ ಸಂಬಳ ಕಟ್ ಆಗುವುದೂ ಕಡಿಮೆಯಾಯಿತು.

ಈ ಸಲ ಬೆಂಗಳೂರಿಗೆ ಹೋಗುವ ಮೊದಲು ಮಗ ಅವನ ಪುಟದಲ್ಲಿ ಒಂದೇ ಪ್ರಶ್ನೆ ಬರೆದಿದ್ದ: ಬೇಸಿಗೆ ರಜೆಯಲ್ಲಿ ಮಾತ್ರೆ ಬಿಡಬಹುದಾ? ಡಾಕ್ಟರ್ ಬೆಳವಣಿಗೆಯ ಚಾರ್ಟ್ ತೆಗೆದು ನೋಡಿದರು. ಎತ್ತರ ಸ್ವಲ್ಪ ನಿಧಾನವಾಗಿತ್ತು. ಈ ಮಾತ್ರೆಯನ್ನು ರಜೆಯಲ್ಲಿ ಬಿಟ್ಟು ನೋಡಬಹುದು, ಎಲ್ಲ ಮಾತ್ರೆಗೂ ಇದು ಆಗಲ್ಲ, ಎಲ್ಲ ಮಕ್ಕಳಿಗೂ ಆಗಲ್ಲ ಅಂದರು. ಕೆರೆ, ರಸ್ತೆ, ಸೈಕಲ್ ವಿಷಯದಲ್ಲಿ ದೊಡ್ಡವರು ಕಣ್ಣಿಟ್ಟಿರಬೇಕು ಅಂತ ಷರತ್ತು ಹಾಕಿದರು. ಅವನು ಒಪ್ಪಿದ. ಅತ್ತೆಗೆ ಈಗ ಚಿಂತೆ ಬೇರೆ. ಮಾತ್ರೆ ಇಲ್ಲದೆ ಇವನನ್ನು ಎರಡು ತಿಂಗಳು ಹಿಡಿಯೋರು ಯಾರು ಅಂತ ಡಾಕ್ಟರನ್ನೇ ಕೇಳಿದರು. ಮೇ ಕೊನೆಯ ವಾರಕ್ಕೆ ತಾರೀಕು ಬರೆಸಿಕೊಂಡು ಬಂದಿದ್ದೇವೆ. ಅವತ್ತು ಎತ್ತರ, ತೂಕ ಅಳೆದು, ಅವನ ಪುಟ ಓದಿ, ಶಾಲೆ ಶುರುವಾಗುವ ಮೊದಲು ಡೋಸ್ ತೀರ್ಮಾನ.